ಮದುವೆ ಹೂಜಿ

ಗಾಬ್ರೊವೊ
೧೨ ಅಕ್ಟೋಬರ್ ೧೯೬೩

ಪ್ರೀತಿಯ ಅವ್ವನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ಮನ್ನಿಸು. ನಾಲ್ಕನೇ ತರಗತಿ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಅಪ್ಪನ ಮಡಿಕೆಗಳ ಮೇಲೆ ಬಿಳಿ ಮಣ್ಣಿನ ಬಳ್ಳಿ ಮಾತ್ರ. ಇದನ್ನು ಸ್ತೊಯ್ನಾ ಅತ್ತೆಗೆ ತೋರಿಸಬೇಡ, ಊರಿಗೆಲ್ಲ ಓದಿ ಹೇಳುತ್ತಾಳೆ.

ಮಿಲ್ಲಿನಲ್ಲಿ ಮಗ್ಗಗಳ ಸದ್ದು ಎಷ್ಟೆಂದರೆ ನಾವೆಲ್ಲ ತುಟಿ ನೋಡಿಯೇ ಮಾತಾಡುತ್ತೇವೆ. ಹೆಚ್ಚು ಮಾತು ಬಾರದ ನನಗೆ ಅದೇ ಅನುಕೂಲ. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿರುವವಳು ಪೆನ್ಕಾ. ಬಾಯಿ ಜೋರು, ಮನಸ್ಸು ಮೆತ್ತಗೆ. "ಈ ಊರಿನವರ ಜಿಪುಣತನ ಗೊತ್ತಾ ನಿಂಗೆ? ಚಳಿಗಾಲದಲ್ಲಿ ಬೆಕ್ಕು ಒಳಗೆ ಬರೋವಾಗ ಬಾಗಿಲು ಬೇಗ ಮುಚ್ಚಬೇಕು ಅಂತ ಅದರ ಬಾಲಾನೇ ಕತ್ತರಿಸ್ತಾರೆ" ಎಂದು ಮೊದಲ ದಿನವೇ ಹೇಳಿದಳು. ನಾನು ನಂಬಿ ಬೀದಿಯುದ್ದಕ್ಕೂ ಬೆಕ್ಕುಗಳ ಬಾಲ ನೋಡಿಕೊಂಡು ಹೋದೆ. ಎಲ್ಲಕ್ಕೂ ಬಾಲವಿತ್ತು.

ಅವ್ವ, ಅಪ್ಪ ಬಸ್ಸಿನ ಹತ್ತಿರ ಬರಲಿಲ್ಲ. ನೀನು ಗಂಟು ಕೊಟ್ಟಾಗ ರೊಟ್ಟಿ ಇರಬೇಕು ಅಂದುಕೊಂಡೆ. ಬೆಟ್ಟದ ತಿರುವು ದಾಟಿದ ಮೇಲೆ ಬಿಚ್ಚಿದರೆ ಅಪ್ಪನ ಕೆಲಸದ ಅಂಗಿ, ಅದರೊಳಗೆ ಮದುವೆ ಹೂಜಿ. ಅಂಥ ಹಸಿರು ಮೆರುಗನ್ನು ನಾನು ಮಡಿಕೆ ಸುಡುವ ನಮ್ಮ ಆವಿಗೆಯಲ್ಲಿ ಯಾವತ್ತೂ ಕಂಡಿಲ್ಲ. ಹಿಡಿಯ ಬುಡದಲ್ಲಿ ಅಪ್ಪ ಹೆಬ್ಬೆರಳು ಒತ್ತಿದ ಗುಳಿ ಇದೆಯಲ್ಲ, ಅದರಲ್ಲಿ ನನ್ನ ಬೆರಳಿಟ್ಟುಕೊಂಡೇ ಇಲ್ಲಿಯವರೆಗೂ ಬಂದೆ.

ಬೇಸಗೆಯಿಡೀ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. "ಹೋಗು, ಮಡಿಕೆ ಬಿಟ್ಟು ಎನಾಮೆಲ್ ಪಾತ್ರೆ ಕೊಳ್ಳೋ ಪಟ್ಟಣದವರ ಹತ್ರಾನೇ ಹೋಗು" ಅಂದದ್ದೇ ಕೊನೆಯ ಮಾತು. ಮದುವೆಯೇ ಇಲ್ಲದೆ ಮದುವೆ ಹೂಜಿ ಕೊಟ್ಟರೆ ಅದರ ಅರ್ಥ ಏನವ್ವ? ಹೋಗಿ ಬಾ ಅಂತಲೋ, ಇನ್ನು ಬರಬೇಡ ಅಂತಲೋ? ನೀನೇ ಕೇಳಿ ಬರೆ.

ನಿನ್ನ ಮಗಳು
ವೇಲಾ


ಬುಕೊವಾ
೧೭ ನವೆಂಬರ್ ೧೯೬೩

ಮಗಳೇ ವೇಲಾ,

ಕಾಗದ ತಲುಪಿತು. ಸ್ತೊಯ್ನಾಗೆ ತೋರಿಸಲಿಲ್ಲ, ಆದರೆ ನಾನೇ ಓದಿ ಹೇಳಿಬಿಟ್ಟೆ. ಬೆಕ್ಕಿನ ಬಾಲದ ಮಾತಿಗೆ ಅವಳು ಬಿದ್ದು ಬಿದ್ದು ನಕ್ಕಳು.

ಎಲೆಕೋಸನ್ನು ಉಪ್ಪುನೀರಲ್ಲಿ ಹುಳಿ ಬರಲೆಂದು ಪೀಪಾಯಿಗೆ ಹಾಕಿದ್ದೇವೆ. ಈ ಸಲ ಅದರ ಮೇಲೆ ಒತ್ತುಕಲ್ಲು ಎತ್ತಿಡಲು ನೀನಿರಲಿಲ್ಲ. ನಿಮ್ಮಪ್ಪನ ಬಲಗೈ ಭಾರ ತಡೆಯುವುದಿಲ್ಲ, ಎಡಗೈಯಲ್ಲಿ ಎತ್ತಿದ. ತಿಗರಿ ತಿರುಗಿಸಿ ತಿರುಗಿಸಿ ಕೈ ಸೋತಿದೆ ಅನ್ನುತ್ತಾನೆ. ಅವನ ಅಪ್ಪನಿಗೂ ಹೀಗೇ ಆಗಿತ್ತಲ್ಲ, ಕುಂಬಾರರ ಕೈ.

ನಿಮ್ಮಪ್ಪನನ್ನು ಹೂಜಿಯ ಅರ್ಥ ಕೇಳಿದೆ. "ದಾರೀಲಿ ಬಿರುಕು ಬಿಡಲಿಲ್ಲ ತಾನೆ?" ಅಂತ ಮಾತ್ರ ಕೇಳಿದ. ನಾನು ನಿನ್ನ ಕಾಗದ ಓದುವಾಗ ತಿಗರಿ ನಿಲ್ಲಿಸಿದ್ದ, ಅದನ್ನೂ ಹೇಳುತ್ತೇನೆ.

ಒಂದು ನೆನಪಿಟ್ಟುಕೋ. ಮದುವೆ ಹೂಜಿಯಲ್ಲಿ ರಾತ್ರಿ ಕಳೆದ ವೈನು ಕುಡಿಯಬಾರದು. ಹಬ್ಬದ ಸಂಜೆ ತುಂಬಿಸಿ, ಅದೇ ಸಂಜೆ ಖಾಲಿ ಮಾಡಿ, ತೊಳೆದು ಬೋರಲು ಹಾಕಬೇಕು. ರಾತ್ರಿ ಕಳೆದದ್ದನ್ನು ಕುಡಿದವಳ ಗಂಡ ಓಡಿಹೋಗುತ್ತಾನಂತೆ. ನಮ್ಮತ್ತೆ ಹೇಳುತ್ತಿದ್ದಳು. "ನಾನೂ ಕುಡಿದು ನೋಡಿದೆ, ಈ ಮುದುಕ ಹೋಗಲೇ ಇಲ್ಲ" ಅಂತ ಅವಳೇ ನಗುತ್ತಲೂ ಇದ್ದಳು.

ಕೋಸಿನ ನೀರು ಹುಳಿಯಾದ ಮೇಲೆ ಬಸ್ಸಿನ ಕೊಲ್ಯೊ ಕೈಲಿ ಕಳಿಸುತ್ತೇನೆ. ಬೆಚ್ಚಗೆ ಉಟ್ಟುಕೋ.

ನಿನ್ನ ಅವ್ವ
ಗೆನಾ


ಗಾಬ್ರೊವೊ
೨೦ ಜನವರಿ ೧೯೬೪

ಪ್ರೀತಿಯ ಅವ್ವ,

ಹುಳಿನೀರು ಬಂದು ತಿಂಗಳಾಯಿತು. ಒಂದು ಹನಿ ಚೆಲ್ಲಿರಲಿಲ್ಲ. ಕೊಲ್ಯೊ ಮಾವ ಆ ದೊಡ್ಡ ಗಾಜಿನ ಜಾಡಿಯನ್ನು ತನ್ನ ಕಾಲಿನ ನಡುವೆ ಇಟ್ಟುಕೊಂಡೇ ಬಸ್ಸು ಓಡಿಸಿದನಂತೆ.

ಜಾಡಿ ಭಾರವೆಂದು ಬಾಲ್ಕನಿಯ ಚಳಿಯಲ್ಲಿಟ್ಟು, ಆಗಾಗ ಹೂಜಿಗೆ ಬಗ್ಗಿಸಿಕೊಳ್ಳುತ್ತೇನೆ. ನನಗೆ ವೈನೂ ಇಲ್ಲ, ಓಡಿಹೋಗಲು ಗಂಡನೂ ಇಲ್ಲ. ಹೂಜಿ ಸುಮ್ಮನೆ ಯಾಕಿರಬೇಕು? ಬೆಳಿಗ್ಗೆ ಎದ್ದ ತಕ್ಷಣ ಒಂದು ಲೋಟ, ಮಲಗುವ ಮುಂಚೆ ಒಂದು ಲೋಟ. ಮೊದಲ ಗುಟುಕಿಗೆ ನಮ್ಮ ನೆಲಮಾಳಿಗೆ ಕಣ್ಣ ಮುಂದೆ ಬರುತ್ತದೆ. ಚಿಕ್ಕವಳಿದ್ದಾಗ ಚಳಿಗಾಲದ ಬೆಳಿಗ್ಗೆ ಅಪ್ಪ ಪೀಪಾಯಿಯ ಬಿರಟೆ ತೆಗೆದು, ಮೊದಲ ಲೋಟ ತಾನು ಕುಡಿದು, ಎರಡನೆಯದನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದ. ನಾನು ಮುಖ ಹುಳ್ಳಗೆ ಮಾಡಿದರೆ ಅವನೂ ಹಾಗೇ ಮಾಡುತ್ತಿದ್ದ. ಅವನ ಮೀಸೆಯಲ್ಲಿ ನೀರಿನ ಹನಿ, ಅಂಗಿಯಲ್ಲಿ ಹೊಗೆಯ ವಾಸನೆ. ಅದೆಲ್ಲ ಈ ಹೂಜಿಯಲ್ಲಿದೆ ಅವ್ವ. ಒಂದು ದಿನವೂ ಬಿಟ್ಟಿಲ್ಲ.

ಪೆನ್ಕಾ ಮಾತ್ರ ಮೂಗು ಮುಚ್ಚಿಕೊಳ್ಳುತ್ತಾಳೆ. "ಅಮ್ಮಾ ತಾಯಿ, ಆ ಹೂಜಿ ಬಾಯಿ ಮುಚ್ಚೇ! ಒಂದು ಪಟಾಲಮ್ಮೇ ಬಂದು ಬೂಟು ಬಿಚ್ಚಿದ ಹಾಗಿದೆ!" ಒಂದು ತೊಟ್ಟೂ ಮುಟ್ಟುವುದಿಲ್ಲ.

ಇನ್ನೊಂದು ವಿಷಯ. ಸಂಜೆ ಶಾಲೆಗೆ ಸೇರಿದ್ದೇನೆ, ಐದನೇ ತರಗತಿ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಆದರೆ ಈಚೆಗೆ ಬಹಳ ಸುಸ್ತು. ಬೆಳಿಗ್ಗೆ ಎದ್ದಾಗಲೇ ಯಾರೋ ರಾತ್ರಿಯೆಲ್ಲ ನನ್ನಿಂದ ಕಟ್ಟಿಗೆ ಒಡೆಸಿದ ಹಾಗಿರುತ್ತದೆ. ಮಗ್ಗದ ಮುಂದೆ ನಿಂತರೆ ನೆಲ ತಿಗರಿಯಂತೆ ಮೆಲ್ಲಗೆ ತಿರುಗುತ್ತದೆ. ಹೊಸ ಕೆಲಸ, ಅಭ್ಯಾಸವಾಗಬೇಕು ಅಷ್ಟೆ. ನೀನು ಚಿಂತೆ ಮಾಡಬೇಡ.

ನಿನ್ನ
ವೇಲಾ


ಬುಕೊವಾ
೨೩ ಫೆಬ್ರವರಿ ೧೯೬೪

ಮಗಳೇ,

ಚಿಂತೆ ಮಾಡಬೇಡ ಅಂತ ಬರೆದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ನಿನ್ನ ಹಳೇ ಅಂಗಿ ತೆಗೆದುಕೊಂಡು ಕಾಯಿಲೆಯ ಕಾರಣ ನೋಡಿ ಹೇಳುವ ರೂಸಾ ಅಜ್ಜಿಯ ಹತ್ತಿರ ಹೋದೆ. ಸೀಸ ಬೇಕು ಅಂದಳು. ನಿಮ್ಮಪ್ಪ ಮೆರುಗಿಗೆ ಅಂತ ಇಟ್ಟಿದ್ದ ತುಂಡೊಂದನ್ನು ಒಯ್ದೆ. ಅಂಗಿಯ ಮೇಲೆ ಬೋಗುಣಿ ಹಿಡಿದು ಕರಗಿದ ಸೀಸವನ್ನು ನೀರಿಗೆ ಸುರಿದಳು. ಚುಂಯ್ ಅಂತು. ತೆಗೆದು ನೋಡಿದರೆ ಮನೆಯ ಆಕಾರ, ಮಾಡು ಸಮೇತ! "ನೋಡೇ ಗೆನಾ, ಭಯಾನೂ ಅಲ್ಲ, ಕಣ್ಣೂ ತಾಗಿಲ್ಲ. ಹುಡುಗಿಗೆ ಮನೆಯ ನೆನಪು ಹತ್ತಿದೆ" ಅಂದಳು. ಸೀಸ ಸುಳ್ಳು ಹೇಳುವುದಿಲ್ಲ.

ಹುಳಿನೀರು ಬಿಡಬೇಡ. ಎರಡು ಲೋಟದ ಬದಲು ಮೂರು ಕುಡಿ. ರಕ್ತಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಇನ್ನೊಂದು ಜಾಡಿ ಕಳಿಸಿದ್ದೇನೆ. ಹೂಜಿಯಲ್ಲಿಟ್ಟು ಕುಡಿಯುತ್ತೀಯಂತೆ ಅಂತ ನಿಮ್ಮಪ್ಪನಿಗೆ ಹೇಳಿದೆ. ಅವತ್ತು ಊಟಕ್ಕೆ ಎರಡನೇ ಸಲ ಬಡಿಸಿಕೊಂಡ.

ಮಾರ್ಚ್ ಒಂದಕ್ಕೆ ಆರೋಗ್ಯಕ್ಕೆಂದು ಕೈಗೆ ಕಟ್ಟುವ ಕೆಂಪು ಬಿಳಿ ದಾರ ಇದರೊಳಗಿದೆ. ಕಟ್ಟಿಕೋ. ಮೊದಲ ಕೊಕ್ಕರೆ ಕಂಡ ಮೇಲೆ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟು.

ಅವ್ವ


ಗಾಬ್ರೊವೊ
೨೯ ಮಾರ್ಚ್ ೧೯೬೪

ಪ್ರೀತಿಯ ಅವ್ವ,

ದಾರ ಇನ್ನೂ ಕೈಯಲ್ಲೇ ಇದೆ. ಇಲ್ಲಿ ಕೊಕ್ಕರೆ ಬಂದರೂ ಹೊಗೆಯಲ್ಲಿ ಕಾಣಬೇಕಲ್ಲ.

ನಿನ್ನಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ. ಮಗ್ಗದ ಮುಂದೆ ತಲೆ ತಿರುಗಿ ಬಿದ್ದೆ. ಪೆನ್ಕಾ ಓಡಿ ಬಂದು ಜಡೆ ಹಿಡಿದೆಳೆದಳು, ಇಲ್ಲದಿದ್ದರೆ ಮಗ್ಗದ ಬೆಲ್ಟಿಗೆ ಸಿಕ್ಕುತ್ತಿತ್ತು. ನನ್ನನ್ನು ಮಗ್ಗದಿಂದ ಬಿಡಿಸಿ ನೂಲಿನ ಕಂಡಿಕೆ ವಿಂಗಡಿಸಲು ಕೂರಿಸಿದ್ದಾರೆ. ಅಲ್ಲಿರುವವರೆಲ್ಲ ಅಜ್ಜಿಯರು.

ಡಾಕ್ಟರುಗಳನ್ನು ನೋಡಿದ್ದಾಯಿತು. ಮೊದಲನೆಯವರು ರಕ್ತ ಕಡಿಮೆ ಅಂದರು, ಕುರಿಯ ಲಿವರು ತಿನ್ನು ಅಂದರು. ತಿಂದೆ. ಕಬ್ಬಿಣದ ಔಷಧಿ ಕುಡಿದೆ, ಹಲ್ಲು ಕಪ್ಪಾಯಿತೇ ಹೊರತು ಸುಸ್ತು ಹೋಗಲಿಲ್ಲ. ಕಿವಿಯ ಡಾಕ್ಟರು ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿ "ತಲೆ ತಿರುಗುತ್ತಾ?" ಎಂದು ಕೇಳಿದರು. ತಿರುಗಿಸಿದರೆ ತಿರುಗದೆ ಇರುತ್ತದೆಯೇ? ನರಗಳ ಡಾಕ್ಟರು ನನ್ನ ಮುಖವನ್ನೂ ನೋಡಲಿಲ್ಲ. "ಹಳ್ಳಿ ಹುಡುಗೀರಿಗೆ ಮೊದಲ ವರ್ಷ ಹೀಗೇ. ಮದುವೆ ಆದ್ರೆ ಸರಿಹೋಗುತ್ತೆ" ಅಂದರು. ಹೊರಗೆ ಬಂದ ಮೇಲೆ ಪೆನ್ಕಾ, "ಅವರ ಹೆಂಡ್ತೀನ ನೋಡಿದೀಯಾ? ಮದುವೆ ಆದ್ಮೇಲೇ ಸುಸ್ತಾಗಿದ್ದು ಪಾಪ" ಅಂದಳು. ನಗಲೂ ಶಕ್ತಿ ಇರಲಿಲ್ಲ.

ಹೊಟ್ಟೆಯಲ್ಲೂ ಆಗಾಗ ಹಿಂಡಿದ ಹಾಗಾಗುತ್ತದೆ. ಸಂಜೆ ಶಾಲೆಯಲ್ಲಿ ಅಕ್ಷರಗಳು ಹಲಗೆಯಿಂದ ಜಾರುತ್ತವೆ.

ಮೇಸ್ತ್ರಿ ಕೆಟ್ಟವನಲ್ಲ. ಅವನೇ ಹೇಳಿದ, "ನೋಡು ಮಗಾ, ಕಾಗದದ ಮೇಲೆ ಕಾಯಿಲೆಗೆ ಒಂದು ಹೆಸರು ಬರೆಸ್ಕೊಂಡು ಬಾ. ಹೆಸರಿದ್ರೆ ರಜೆ, ಔಷಧಿ, ಎಲ್ಲ ಉಂಟು. ಹೆಸರಿಲ್ಲದ ಕಾಯಿಲೆಗೆ ಸೋಮಾರಿತನ ಅಂತಾರೆ." ಜೂನ್ ಮುಗಿಯುವುದರೊಳಗೆ ಹೆಸರು ಸಿಗದಿದ್ದರೆ ಕೆಲಸವೂ ಇಲ್ಲ, ಹಾಸ್ಟೆಲಿನ ಮಂಚವೂ ಇಲ್ಲ, ಶಾಲೆಯೂ ಇಲ್ಲ.

ಅಪ್ಪನಿಗೆ ಇದೆಲ್ಲ ಓದಬೇಡ. "ನಾನು ಹೇಳಿರಲಿಲ್ವಾ" ಅನ್ನುತ್ತಾನೆ. ಅನ್ನದಿದ್ದರೂ ಅವನ ಬೆನ್ನು ಅನ್ನುತ್ತದೆ.

ವೇಲಾ


ಗಾಬ್ರೊವೊ
೨೪ ಮೇ ೧೯೬೪

ಪ್ರೀತಿಯ ಅವ್ವ,

ವಾಪಸು ಬಂದು ತಲುಪಿದೆ. ಬಸ್ಸಿನಲ್ಲಿ ನಿದ್ದೆಯೇ ಬರಲಿಲ್ಲ, ಅಷ್ಟು ಚೆನ್ನಾಗಿದ್ದೆ.

ಈಸ್ಟರಿಗೆಂದು ಊರಲ್ಲಿದ್ದ ಆ ಮೂರು ವಾರ ಕನಸಿನ ಹಾಗಿದೆ. ಮೊದಲ ವಾರ ಒಲೆಯ ಪಕ್ಕ ಮಲಗಿದ್ದವಳು, ಕೊನೆಯ ವಾರ ಆವಿಗೆಯ ಹಿಂದಿನ ಗುಡ್ಡ ಹತ್ತಿದೆ. ಪ್ಲಮ್ ಮರಗಳ ಹೂವೆಲ್ಲ ಉದುರಿ ಹಾದಿ ಬೆಳ್ಳಗಿತ್ತು. ಅಲ್ಲೇ ಒಂದು ಕೊಂಬೆಗೆ ಕೆಂಪು ಬಿಳಿ ದಾರ ಕಟ್ಟಿದೆ. ಗೋಡೆಯ ಬುಡದಲ್ಲಿ ಆರೋಗ್ಯದ ಗಿಡ ಎಷ್ಟು ಹಬ್ಬಿದೆ! ಎಲೆ ತಿಕ್ಕಿ ಮೂಸಿದರೆ ನಾನು ಮತ್ತೆ ಆರು ವರ್ಷದವಳು, ಕಾಯಿಲೆ ಬಾರದಿರಲೆಂದು ಅಪ್ಪ ಅದನ್ನು ನನ್ನ ಕಿವಿಗೆ ಸಿಕ್ಕಿಸುತ್ತಿದ್ದ.

ಹಬ್ಬದ ಮೊಟ್ಟೆ ಗುದ್ದಾಟದಲ್ಲಿ ಅಪ್ಪನ ಕೆಂಪು ಮೊಟ್ಟೆ ನನ್ನದಕ್ಕೆ ತಾಗಿದಾಗ ಅವನು ಮಾತಾಡುತ್ತಾನೆ ಎಂದುಕೊಂಡೆ. ನನ್ನದು ಒಡೆಯಲಿಲ್ಲ, ಅವನದು ಒಡೆಯಿತು. "ಈ ವರ್ಷ ಗಟ್ಟಿ ನೀನು" ಅಂದ. ಅಷ್ಟೇ. ಅಷ್ಟನ್ನೇ ದಾರಿಯುದ್ದಕ್ಕೂ ನೆನೆಸಿಕೊಂಡೆ. ಅವನ ಕೈಯನ್ನೂ ನೋಡಿದೆ ಅವ್ವ. ಮೊಟ್ಟೆ ಹಿಡಿದು ಚಾಚಿದಾಗ ಮಣಿಕಟ್ಟು ಜೋತುಬಿದ್ದಿತ್ತು, ನೀರಿಲ್ಲದ ಹೂವಿನ ಹಾಗೆ.

ನೀವೆಲ್ಲ ಹೇಳಿದ್ದೇ ನಿಜವಿರಬೇಕು. ಊರಿಗೆ ಬಂದರೆ ವಾಸಿ, ಇಲ್ಲಿಗೆ ಬಂದರೆ ಕಾಯಿಲೆ. ಹಾಗಾದರೆ ಮನೆಯ ನೆನಪೇ ಕಾಯಿಲೆ. ಅದನ್ನು ಯಾವ ಡಾಕ್ಟರು ಕಾಗದದ ಮೇಲೆ ಬರೆದುಕೊಡುತ್ತಾನೆ?

ನೀನು ಕೊಟ್ಟ ಪೀಪಾಯಿ ತಳದ ಕೊನೆಯ ನೀರನ್ನು ಹೂಜಿಗೆ ತುಂಬಿಸಿದೆ. ಅದು ಮುಗಿಯುವವರೆಗಾದರೂ ಇಲ್ಲಿ ನಿಲ್ಲುತ್ತೇನೆ.

ವೇಲಾ


ಬುಕೊವಾ
೭ ಜೂನ್ ೧೯೬೪

ವೇಲಾ,

ಬಂದುಬಿಡು. ಹಟ ಸಾಕು. ಮತ್ತೆ ತಲೆ ತಿರುಗುತ್ತಿದೆ ಅಂತ ಪೆನ್ಕಾ ಕೊಲ್ಯೊ ಹತ್ತಿರ ಹೇಳಿ ಕಳಿಸಿದ್ದಾಳೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಮೆರುಗು ಹಚ್ಚುತ್ತಿದ್ದ ಬೆಂಚನ್ನು ನಿಮ್ಮಪ್ಪ ತೊಳೆದಿಟ್ಟಿದ್ದಾನೆ. ನಾನು ಹೇಳದೆಯೇ ತೊಳೆದ. ಇನ್ನೇನು ಬೇಕು ನಿನಗೆ?

ಅವ್ವ


ಗಾಬ್ರೊವೊ, ಆಸ್ಪತ್ರೆ
೨೨ ಜೂನ್ ೧೯೬೪

ಪ್ರೀತಿಯ ಅವ್ವ,

ಇದನ್ನು ಒಬ್ಬಳೇ ಕೂತು ಓದು.

ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿದ್ದೆ. ಕೈ ಕಾಲು ಮುರಿದಿಲ್ಲ. ಇಲ್ಲಿಗೆ ಕರೆತಂದರು. ಇಲ್ಲಿ ಹಾಜಿಯೆವಾ ಎಂಬ ವಯಸ್ಸಾದ ಡಾಕ್ಟರಮ್ಮ ಇದ್ದಾರೆ. ಅವರು ಸುಸ್ತಿನ ವಿಷಯ ಕೇಳಲೇ ಇಲ್ಲ. "ತುಟಿ ಎತ್ತು" ಅಂದರು. ದೀಪ ಹಿಡಿದು ವಸಡು ನೋಡಿದರು. ಕನ್ನಡಿ ಕೊಟ್ಟು ನನಗೂ ತೋರಿಸಿದರು. ಹಲ್ಲಿನ ಬುಡದುದ್ದಕ್ಕೂ ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ತೆಳ್ಳಗೆ ಒಂದು ನೀಲಿ ಗೆರೆ. ಔಷಧಿಯ ಕಪ್ಪೆಂದು ನಾನು ದಿನಾ ಉಜ್ಜುತ್ತಿದ್ದೆ.

"ಅಚ್ಚಿನ ಮನೇಲಿ ಕೆಲಸಾನಾ?"
"ಇಲ್ಲ, ನೇಯ್ಗೆ."
"ನಿಮ್ಮಪ್ಪ ಏನು ಮಾಡ್ತಾರೆ?"
"ಕುಂಬಾರ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಏನು ಕುಡೀತೀಯ? ಯಾವುದರಲ್ಲಿ ಕುಡೀತೀಯ?"

ಪೆನ್ಕಾ ಹೂಜಿಯನ್ನು ಶಾಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದಳು. ಒಳಗಿನ ನೀರನ್ನು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನಕ್ಕೆ ಉತ್ತರ ಬಂತು. ಸೀಸ, ಅವ್ವ. ನೀರಿನ ತುಂಬ ಸೀಸ. ನನ್ನ ರಕ್ತದಲ್ಲೂ ಅದೇ. "ನಿಮ್ಮಪ್ಪನ ಕೆಲಸ ಚಂದವೇ" ಎಂದು ಡಾಕ್ಟರಮ್ಮ ಹೂಜಿಯನ್ನು ತಿರುಗಿಸಿ ನೋಡಿದರು. "ಆದರೆ ಆ ಮೆರುಗಲ್ಲಿ ಸೀಸ ಇದೆ, ಹುಳಿ ಅದನ್ನ ನೆಕ್ಕುತ್ತೆ. ಒಂದು ಸಂಜೆ ಇಟ್ಟರೆ ಸ್ವಲ್ಪ. ದಿನಗಟ್ಟಲೆ ಇಟ್ಟರೆ ಇಷ್ಟು." ರಾತ್ರಿ ಕಳೆದದ್ದನ್ನು ಕುಡಿಯಬಾರದೆಂದು ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ಗಂಡ ಓಡಿಹೋಗುವುದಲ್ಲ ಅವ್ವ. ಹಿಂದೆ ಯಾರೋ ಹೆಂಡತಿಯನ್ನು ಕಳೆದುಕೊಂಡೇ ಆ ಮಾತು ಹುಟ್ಟಿರಬೇಕು.

ಊರಿಗೆ ಬಂದಾಗ ಹೂಜಿ ಇಲ್ಲೇ ಇತ್ತು. ಅದಕ್ಕೇ ಚೇತರಿಸಿಕೊಂಡೆ. ಪೆನ್ಕಾ ಮಂಚದ ತುದಿಯಲ್ಲಿ ಕೂತು ಅಳುತ್ತಲೇ ಹೇಳಿದಳು, "ನನ್ನ ಕಾಪಾಡಿದ್ದು ಆ ಹಾಳು ವಾಸನೆ ಕಣೇ. ಇಲ್ದಿದ್ರೆ ನಾನೂ ಪಕ್ಕದ ಮಂಚದಲ್ಲಿ ಬಿದ್ದಿರ್ತಿದ್ದೆ."

ಸೂಜಿ ಚುಚ್ಚುತ್ತಾರೆ. ವಾಸಿಯಾಗುತ್ತದಂತೆ. ಕಾಯಿಲೆಗೆ ಹೆಸರು ಸಿಕ್ಕಿತು. ಸಿಕ್ಕಿದ ದಿನ ನಾನು ಖುಷಿಪಡಲಿಲ್ಲ.

ಯಾಕೆಂದರೆ ಡಾಕ್ಟರಮ್ಮ ತಮ್ಮ ಕೈ ಚಾಚಿ, ಮಣಿಕಟ್ಟನ್ನು ಕೆಳಗೆ ಜೋತುಬಿಟ್ಟು, "ನಿಮ್ಮಪ್ಪನ ಕೈ ಹೀಗಾಗಿದೆಯಾ?" ಎಂದು ಕೇಳಿದರು. ಅದು ತಿಗರಿಯಿಂದ ಆದದ್ದಲ್ಲ. ಕುಂಬಾರರ ಕೈ ಎಂದು ನಾವು ಅನ್ನುವುದೂ ಸೀಸವೇ. ಮೆರುಗು ಅರೆಯುವಾಗಿನ ಧೂಳು. ಬೇಗ ಆಸ್ಪತ್ರೆಗೆ ಹೋದರೆ ಕೈ ಉಳಿಯಬಹುದಂತೆ. ಇನ್ನೂ ಅರೆಯುತ್ತಾ ಕೂತರೆ ಪ್ರಾಣಕ್ಕೇ ಬರುತ್ತದಂತೆ.

ಅಪ್ಪನಿಗೆ ಕೈಯ ವಿಷಯ ಹೇಳು, ಹೂಜಿಯ ವಿಷಯ ಹೇಳಬೇಡ. ಒಂದನ್ನು ಹೇಳದೆ ಇನ್ನೊಂದನ್ನು ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಒಂದು ವರ್ಷದಲ್ಲಿ ಅವನು ನನಗೆ ಮನಸ್ಸು ಬಿಚ್ಚಿ ಆಡಿದ ಮಾತು ಅದೊಂದೇ ಅವ್ವ, ಆ ಹೂಜಿ. ನೀನು ತಾಯಿ, ನಿನಗೆ ದಾರಿ ಹೊಳೆದೀತು. ಆದರೆ ಅವನನ್ನು ಆಸ್ಪತ್ರೆಗೆ ಕಳಿಸು. ಕಳಿಸಲೇಬೇಕು.

ನಿನ್ನ
ವೇಲಾ


ಲೊವೆಚ್, ಜಿಲ್ಲಾ ಆಸ್ಪತ್ರೆ
೧೯ ಜುಲೈ ೧೯೬೪

ವೇಲಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಮನ್ನಿಸು, ನಾನೂ ನಾಲ್ಕನೇ ತರಗತಿಯವನೇ.

ನಿಮ್ಮವ್ವ ಕಾಗದವನ್ನು ಅರ್ಧ ಓದಿ ನಿಲ್ಲಿಸಿದಳು. ಆ ಹೆಂಗಸಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಕಿತ್ತುಕೊಂಡು ನಾನೇ ಓದಿದೆ. ಆಮೇಲೆ ಆವಿಗೆಯ ಹತ್ತಿರ ಹೋಗಿ ಕೂತೆ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಅವಳು ಬಂದು, "ಅಲ್ಲಿ ಮಗಳು ಸೂಜಿ ಚುಚ್ಚಿಸ್ಕೋತಿದಾಳೆ, ಇಲ್ಲಿ ನೀನು ಮುಖ ಊದಿಸ್ಕೊಂಡು ಕೂತಿದೀಯ. ಏಳು ಮಿಂಚೊ, ಬಸ್ಸು ಬಂತು" ಅಂದಳು. ಎದ್ದೆ.

ನನಗೂ ಸೂಜಿ ಹಾಕುತ್ತಿದ್ದಾರೆ. ಬೆರಳು ಸ್ವಲ್ಪ ಏಳುತ್ತಿದೆ. ಅರೆಯುವ ಕಲ್ಲನ್ನು ಹೊರಡುವ ಮುಂಚೆಯೇ ಆವಿಗೆಯ ಹಿಂದೆ ಹೂತು ಬಂದೆ.

ಮದುವೆಯಿಲ್ಲದೆ ಹೂಜಿ ಯಾಕೆ ಅಂತ ಅಕ್ಟೋಬರಿನಲ್ಲಿ ಕೇಳಿದ್ದೆ. ನಿನ್ನ ಮದುವೆಯ ಹೊತ್ತಿಗೆ ನನ್ನ ಕೈ ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಮೊದಲೇ ಮಾಡಿದೆ. ಚೆನ್ನಾಗಿ ಹೊಳೆಯಲಿ ಅಂತ ಮೆರುಗು ಎರಡು ಸಲ ಹಚ್ಚಿದೆ. ಬೇರೆ ಅರ್ಥ ಏನೂ ಇರಲಿಲ್ಲ. ಬಸ್ಸಿನ ಹತ್ತಿರ ಬಂದಿದ್ದರೆ ಕೊಲ್ಯೊನ ಮುಂದೆ ಅತ್ತುಬಿಡುತ್ತಿದ್ದೆ.

ಈಗ ಕೇಳು. ಅದನ್ನು ಒಡೆಯಬೇಡ. ಹಾಗೇ ಇಡಲೂ ಬೇಡ. ಯಾವತ್ತೋ ಯಾರೋ ಅದರಲ್ಲಿ ಏನಾದರೂ ತುಂಬಿಸಿ ಕುಡಿದಾರು. ನೀನು ಸತ್ತಮೇಲೆ ನಿನ್ನ ಮೊಮ್ಮಗಳು ಕುಡಿದಾಳು. ತಳದಲ್ಲಿ ತೂತು ಮಾಡು. ಒದ್ದೆ ಮರಳಿನ ಮೇಲೆ ಬೋರಲು ಮಲಗಿಸು, ತಳಕ್ಕೆ ನೀರು ಹನಿಸು, ಹಳೇ ಅರದ ತುದಿಯಿಟ್ಟು ಮೆಲ್ಲಗೆ ತಿರುಗಿಸು. ಹೊಡೆಯಬೇಡ. ಅವಸರ ಮಾಡಬೇಡ. ತಳಕ್ಕೆ ನಾನು ಮೆರುಗು ಹಚ್ಚಿಲ್ಲ, ಬರೀ ಮಣ್ಣು, ಬಿಟ್ಟುಕೊಡುತ್ತದೆ. ನಿಮ್ಮವ್ವ ಆರೋಗ್ಯದ ಗಿಡದ ಬೇರನ್ನು ಕೊಲ್ಯೊ ಕೈಲಿ ಕಳಿಸುತ್ತಾಳೆ. ಅದರಲ್ಲಿ ನೆಡು.

ಮನೆಗೆ ಬಾ ಅಂತ ನಾನು ಹೇಳುವುದಿಲ್ಲ. ಶಾಲೆ ಮುಗಿಸು. ಆಮೇಲೆ ಬಂದು ನನ್ನ ಅಕ್ಷರ ತಿದ್ದು.

ಅಪ್ಪ


ಗಾಬ್ರೊವೊ
೨ ಆಗಸ್ಟ್ ೧೯೬೪

ಪ್ರೀತಿಯ ಅಪ್ಪನಿಗೆ,

ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಪೆನ್ಕಾಗೆ ತೋರಿಸಿದೆ, ಅವಳೂ ಹಾಗೇ ಅಂದಳು.

ಆಸ್ಪತ್ರೆಯಿಂದ ಬಂದೆ. ಮೇಸ್ತ್ರಿ ಕಾಗದವನ್ನು ಎರಡು ಸಲ ಓದಿ, "ಇಷ್ಟು ಚಿಕ್ಕ ಹೆಸರಿಗೆ ಇಷ್ಟು ದಿನ ಹಿಡೀತಾ?" ಅಂದ. ಮಂಚ ನನ್ನದೇ ಉಳಿಯಿತು. ತಿಂಗಳ ಕೊನೆಗೆ ಮಗ್ಗಕ್ಕೆ ಹೋಗುತ್ತೇನೆ, ಆಮೇಲೆ ಆರನೇ ತರಗತಿ. ಮೆಟ್ಟಿಲು ಹತ್ತುವಾಗ ಈಗಲೂ ಗೋಡೆ ಹಿಡಿಯುತ್ತೇನೆ, ಆದರೆ ನೆಲ ತಿರುಗುವುದು ನಿಂತಿದೆ. ನೀನೂ ಸೂಜಿ ತಪ್ಪಿಸಬೇಡ.

ಇವತ್ತು ಭಾನುವಾರ. ಬೆಳಿಗ್ಗೆ ಎದ್ದು ಅಂಗಳದ ಮೂಲೆಯಲ್ಲಿ ಮರಳು ಒದ್ದೆ ಮಾಡಿ ಹೂಜಿಯನ್ನು ಮಲಗಿಸಿದೆ. ಮಿಲ್ಲಿನ ಫಿಟ್ಟರ್ ಹಳೇ ಅರ ಕೊಟ್ಟಿದ್ದ. ಒಂದು ಕೈ ಹಿಡಿಯ ಬುಡದಲ್ಲಿ, ನಿನ್ನ ಹೆಬ್ಬೆರಳಿನ ಗುಳಿಯಲ್ಲಿ. ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ ಹೋದೆ. ಹೊಡೆಯಲಿಲ್ಲ, ಅವಸರ ಮಾಡಲಿಲ್ಲ. ಪೆನ್ಕಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ಹನಿಸಿದಳು, ಒಂದು ಮಾತೂ ಆಡಲಿಲ್ಲ, ಅವಳ ಜನ್ಮದಲ್ಲೇ ಮೊದಲ ಸಲ. ಕೆಂಪು ಮಣ್ಣಿನ ನೀರು ನನ್ನ ಮೊಣಕಾಲಿನವರೆಗೆ ಹರಿಯಿತು. ನಮ್ಮೂರಿನದೇ ವಾಸನೆ.

ಬಿಸಿಲು ಗೋಡೆಗೆ ಬರುವ ಹೊತ್ತಿಗೆ ತೂತು ಬಿತ್ತು. ಬಿರುಕು ಬಿಡಲಿಲ್ಲ ಅಪ್ಪ. ಮಣ್ಣು ತುಂಬಿಸಿ ಗಿಡ ನೆಟ್ಟು, ಕಿಟಕಿಯಲ್ಲಿಟ್ಟು ಒಂದು ಲೋಟ ನೀರು ಹಾಕಿದೆ. ಅದು ಕೆಳಗಿನಿಂದ ತೊಟ್ಟಿಕ್ಕುವವರೆಗೆ ನಿಂತು ನೋಡಿದೆ.

ನಿನ್ನ
ವೇಲಾ